ಮೈಲುತುತ್ತವೂ ಆರು ತಂತಿಯೂ

ಏನು ಮಾರಾಯ, ನಮ್ಮ ಮಲೆನಾಡಿನ ಜಯಪುರದ ಪೇಟೆಯಲ್ಲಿ ನಿನ್ನ ಬಗ್ಗೆ ಎರಡೆರಡು ಸುದ್ದಿ! ಬೆಂಗಳೂರು ಬಿಟ್ಟು ಬಂದವನು ರಾತ್ರಿಯೆಲ್ಲ ಗಿಟಾರ್ ಹಿಡಿದು ಅಳುವ ರಾಗ ಬಾರಿಸುತ್ತಾನೆ ಅಂತ ಒಂದು. ಹಳೇ ಕೊಟ್ಟಿಗೆಯಲ್ಲಿ ಗಾಜಿನ ಬುರುಡೆ, ಕೊಳವೆ ಜೋಡಿಸಿಕೊಂಡು ರಸವಿದ್ಯೆ ನಡೆಸಿದ್ದಾನೆ ಅಂತ ಇನ್ನೊಂದು. ಮೊದಲನೆಯದರಿಂದ ನಿನ್ನಮ್ಮನ ನಿದ್ದೆ ಹೋಗಿದೆ, ಎರಡನೆಯದರಿಂದ ನಿನ್ನಪ್ಪನದು. ಇಬ್ಬರೂ ಬಂದು ‘ಸ್ವಲ್ಪ ಬುದ್ಧಿ ಹೇಳಿ’ ಅಂದರು. ಬುದ್ಧಿ ಹೇಳುವುದು ವಯಸ್ಸಾದವರಿಗೆ ಖರ್ಚಿಲ್ಲದ ಚಟ, ನಾನು ಬೇಡವೆನ್ನಲಿಲ್ಲ. ಆದರೆ ಅವರು ಎಣಿಸಿದ್ದನ್ನು ನಾನು ಹೇಳುವುದಿಲ್ಲ. ಎರಡನ್ನೂ ಇಟ್ಟುಕೋ. ಬಿಡಬೇಕಾದ್ದು ನೀನು ಗೋಡೆಗೆ ಅಂಟಿಸಿರುವ ಆ ವೇಳಾಪಟ್ಟಿಯನ್ನು. ಬೆಳಿಗ್ಗೆ ಎರಡು ಗಂಟೆ ಒಲೆ, ಸಂಜೆ ಎರಡು ಗಂಟೆ ತಂತಿ, ಒಂದು ನಿಮಿಷ ಆಚೀಚೆ ಆಗಬಾರದು! ಬದುಕನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾ ಕೂತರೆ ಎರಡು ತಟ್ಟೆಯೂ ಖಾಲಿಯೇ. ತಕ್ಕಡಿ ಕೆಳಗಿಡು, ಪಂಚಾಂಗ ನೋಡು.

ಮೊದಲು ಗಿಟಾರಿನ ಮಾತು. ಬ್ಲೂಸ್ ಎಂದರೆ ದುಃಖದ ಹಾಡು ಅಂತ ಯಾರೋ ನಿನ್ನ ತಲೆಗೆ ತುಂಬಿದ್ದಾರೆ. ಅದಕ್ಕೇ ಮುಖ ಸಪ್ಪೆ ಮಾಡಿಕೊಂಡು ಬಾರಿಸುತ್ತೀಯ. ಆ ಸಂಗೀತ ಕಟ್ಟಿದವರಿಗೆ ಸಪ್ಪೆ ಮುಖಕ್ಕೆ ಪುರುಸೊತ್ತಿರಲಿಲ್ಲ. ಅಮೆರಿಕದ ಮಿಸಿಸಿಪ್ಪಿ ಸೀಮೆಯ ಹತ್ತಿ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದ ಕಪ್ಪು ಜನ ಅವರು. ಗುಲಾಮಗಿರಿ ಕಾನೂನಿನಲ್ಲಿ ಮುಗಿದಿತ್ತು, ಸಾಲದ ಪುಸ್ತಕದಲ್ಲಿ ಮುಗಿದಿರಲಿಲ್ಲ. ಧಣಿಯ ಭೂಮಿ, ಧಣಿಯ ಲೆಕ್ಕ, ವರ್ಷದ ಕೊನೆಗೆ ಕೈಯಲ್ಲಿ ಸೊನ್ನೆ. ನಮ್ಮ ಕಡೆಯ ಹಳೇ ಗೇಣಿದಾರರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಅಂಥವರೇ ಶನಿವಾರ ರಾತ್ರಿ ಸೇರಿ ಇದೇ ಹಾಡಿಗೆ ಕುಣಿಯುತ್ತಿದ್ದರು. ಕುಣಿಸಲು ಬಾರದವನ ಬ್ಲೂಸ್ ಬರೀ ಗೊಣಗಾಟ.

1903ರ ಸುಮಾರಿಗೆ ಟಟ್ವೈಲರ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮೇಷ್ಟ್ರು ರೈಲಿಗೆ ಕಾಯುತ್ತಾ ತೂಕಡಿಸುತ್ತಿದ್ದರಂತೆ. ಪಕ್ಕದಲ್ಲಿ ಹರಕು ಬಟ್ಟೆಯವನೊಬ್ಬ ಗಿಟಾರಿನ ತಂತಿಯ ಮೇಲೆ ಚೂರಿ ಒತ್ತಿ ಜಾರಿಸುತ್ತಾ ಹಾಡುತ್ತಿದ್ದ. ಆ ಧ್ವನಿ ಹ್ಯಾಂಡಿಯವರನ್ನು ಬಿಡಲಿಲ್ಲ. ಮುಂದೆ ಇಂಥ ಸಂಗೀತಕ್ಕೆ ಸ್ವರಲಿಪಿ ಬರೆದು ಅಚ್ಚು ಹಾಕಿಸಿದವರು ಅವರೇ. ನೀನು ಅಂಚೆಯಲ್ಲಿ ತರಿಸಿದ ಗಾಜಿನ ಸ್ಲೈಡಿಗೆ ಎಷ್ಟು ಕೊಟ್ಟೆ ಎಂದು ನಾನು ಕೇಳುವುದಿಲ್ಲ.

ನಿನಗೆ ರಾಬರ್ಟ್ ಜಾನ್ಸನ್ ಎಂದರೆ ಪ್ರಾಣ. ನಾಲ್ಕು ದಾರಿ ಕೂಡುವಲ್ಲಿ ದೆವ್ವಕ್ಕೆ ಆತ್ಮ ಮಾರಿ ಕೈಚಳಕ ಕೊಂಡ ಅನ್ನುವ ಕಥೆ ಬೇರೆ. 1936, 37ರಲ್ಲಿ 29 ಹಾಡು ಧ್ವನಿಮುದ್ರಿಸಿ 1938ರಲ್ಲಿ 27ನೇ ವಯಸ್ಸಿಗೆ ಹೊರಟುಹೋದ. ಹುಡುಗರಿಗೆ ಈ ಕಥೆ ರುಚಿಸುವುದು ಅದರಲ್ಲಿ ಅಭ್ಯಾಸದ ಸುದ್ದಿಯೇ ಇಲ್ಲ ಅಂತ. ಜಯಪುರದ ಪೇಟೆಯಲ್ಲಿ ನಡುರಾತ್ರಿ ನಿಂತು ನೋಡು, ಬಾಳೆಹೊನ್ನೂರಿನ ಕಡೆ ಹೋಗುವ ಲಾರಿ ಸಿಕ್ಕೀತು, ನಾಯಿ ಸಿಕ್ಕೀತು, ಮತ್ತೇನೂ ಸಿಗಲಿಕ್ಕಿಲ್ಲ.

ನೀನು ಕೇಳಬೇಕಾದವನು ಮಿಸಿಸಿಪ್ಪಿ ಜಾನ್ ಹರ್ಟ್. 1928ರಲ್ಲಿ ಮೆಂಫಿಸ್, ನ್ಯೂಯಾರ್ಕಿಗೆ ಹೋಗಿ ಒಂದಷ್ಟು ಹಾಡು ಧ್ವನಿಮುದ್ರಿಸಿದ. ತಟ್ಟೆಗಳು ಹೇಳಿಕೊಳ್ಳುವಷ್ಟು ಖರ್ಚಾಗಲಿಲ್ಲ. ಅಷ್ಟರಲ್ಲಿ ಅಮೆರಿಕಕ್ಕೆ ಅಮೆರಿಕವೇ ದಿವಾಳಿಯೆದ್ದಿತು. ಆತ ಅತ್ತು ಕೂರಲಿಲ್ಲ. ಅವಲಾನ್ ಎಂಬ ತನ್ನ ಹಳ್ಳಿಯಲ್ಲೇ ಬೇಸಾಯ ಮಾಡಿಕೊಂಡು, ಊರವರ ಕೂಟಗಳಲ್ಲಿ ಬಾರಿಸಿಕೊಂಡು ಇದ್ದ. ಹೀಗೆ 35 ವರ್ಷ. 1963ರಲ್ಲಿ ಸಂಗೀತದ ಹುಚ್ಚನೊಬ್ಬ ಆತನ ಹಳೇ ಹಾಡಿನಲ್ಲಿ ಬರುವ ಊರಿನ ಹೆಸರು ಹಿಡಿದು ಹುಡುಕಿಕೊಂಡು ಬಂದ. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಜನ ಬೆರಗಾಗಿ ಕೇಳಿದರು. ಹೆಬ್ಬೆರಳು ದಪ್ಪ ತಂತಿಯಲ್ಲಿ ತಾಳ ಬಿಡದೆ ನಡೆಯುತ್ತದೆ, ಉಳಿದ ಬೆರಳು ಸಣ್ಣ ತಂತಿಯಲ್ಲಿ ಹಾಡುತ್ತವೆ, ಅವಸರವೇ ಇಲ್ಲ. ನೇಗಿಲು ಹಿಡಿದ ಕೈ ಗಿಟಾರನ್ನು ಮರೆಯಲಿಲ್ಲ ನೋಡು. ನೀನು ಮೂರು ದಿನ ತೋಟಕ್ಕೆ ಹೋದರೆ ‘ಕೈ ಹಾಳಾಯಿತು’ ಎನ್ನುತ್ತೀಯ.

ಇನ್ನು ನಿನ್ನ ರಸವಿದ್ಯೆ. ಕಬ್ಬಿಣ ತಾಮ್ರವಾಗುವುದನ್ನು ನೋಡುವ ಆಸೆಯೇ? ಅದಕ್ಕೆ ಗಾಜಿನ ಬುರುಡೆ ಯಾಕೆ? ಮೇ ಕೊನೆಗೆ ನಿನ್ನಪ್ಪ ತೋಟದ ಬದಿಯಲ್ಲಿ ಡ್ರಮ್ ಇಟ್ಟುಕೊಂಡು ಅಡಿಕೆಗೆ ಕೊಳೆಔಷಧಿ ಕಲಸುತ್ತಾರಲ್ಲ, ಆಗ ಹತ್ತಿರ ನಿಲ್ಲು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು. ಒಬ್ಬ ಸುರಿಯುತ್ತಿರಬೇಕು, ಇನ್ನೊಬ್ಬ ಕಲಕುತ್ತಿರಬೇಕು. ಆಕಾಶದ ಬಣ್ಣ ಬರುತ್ತದೆ. ಹದವಾಯಿತೋ ಇಲ್ಲವೋ ತಿಳಿಯಲು ಅಲಗು ಉಜ್ಜಿದ ಕಬ್ಬಿಣದ ಚೂರಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪೇ ತಾಮ್ರ. ಅಲಗಿನ ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ, ನೀರಿನ ತಾಮ್ರ ಅದರ ಜಾಗದಲ್ಲಿ ಕೂರುತ್ತದೆ. ಯುರೋಪಿನಲ್ಲಿ ಇವತ್ತು ಸ್ಲೊವಾಕಿಯಾ ಎನ್ನುವ ದೇಶದ ಹಳೇ ಗಣಿಯೊಂದರ ನೀರಿನಲ್ಲಿ ಕಬ್ಬಿಣ ಹಾಕಿ ತಾಮ್ರ ತೆಗೆಯುತ್ತಿದ್ದರು. ಕಬ್ಬಿಣವೇ ತಾಮ್ರವಾಯಿತೆಂದು ನಂಬಿ, ಆ ತಾಮ್ರದ ಬಟ್ಟಲಿನ ಮೇಲೆ ಹಾಗೆಂದು ಕೆತ್ತಿಸಿಯೂ ಇಟ್ಟರು. ದೊಡ್ಡ ದೊಡ್ಡ ಪಂಡಿತರು ಮೋಸಹೋದ ಆಟ ನಮ್ಮ ತೋಟದಲ್ಲಿ ವರ್ಷ ವರ್ಷ ನಡೆಯುತ್ತದೆ. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಚಾಕು ತಂದೀಯ ಮತ್ತೆ, ಅದರ ಮೇಲೆ ಏನೂ ಕೂರುವುದಿಲ್ಲ.

ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಮುಟ್ಟದಿರಲೆಂದು ಮೈಲುತುತ್ತ, ಸುಣ್ಣ ಬಳಿದಿದ್ದರು. ಬಳಿದ ಬಳ್ಳಿಗೆ ರೋಗ ತಗುಲದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಕಣ್ಣಿಟ್ಟು ನೋಡಿದ, ಪರೀಕ್ಷೆ ಮಾಡಿದ, 1885ರಲ್ಲಿ ಲೋಕಕ್ಕೆ ಹೇಳಿದ. ನಮ್ಮ ಅಡಿಕೆಗೆ ಅದನ್ನು ಒಗ್ಗಿಸಿದ್ದು ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲೆ ಅವರ ಬರಹ ಬಂದದ್ದು 1910ರಲ್ಲಿ. ಅದಕ್ಕೆ ಮೊದಲು ಮರ ಮರ ಹತ್ತಿ ಗೊನೆಗೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟಬೇಕಿತ್ತು. ಇಲ್ಲೇ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರು ಕೃಷಿ ನಿರ್ದೇಶಕರಾಗಿದ್ದ ಕಾಲದಲ್ಲಿ. ನೀನು ಬಸ್ಸಿನಲ್ಲಿ ಎಷ್ಟು ಸಲ ಆ ಕಡೆ ಹೋಗಿದ್ದೀಯ, ಕಿವಿಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು!

ಚಿನ್ನದ ಹುಚ್ಚು ಇದ್ದರೆ ಈಗಲೇ ಹೇಳಿಬಿಡು. ಸೀಸವನ್ನು ಚಿನ್ನ ಮಾಡಿ ಆಗಿದೆ. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ 2015ರಿಂದ 2018ರವರೆಗೆ ಸೀಸದ ಪರಮಾಣು ಬೀಜಗಳನ್ನು ಎದುರುಬದುರು ಓಡಿಸಿದಾಗ ಹುಟ್ಟಿದ ಚಿನ್ನ ಒಟ್ಟು 29 ಪಿಕೋಗ್ರಾಂ. ಒಂದು ಗ್ರಾಂ ಚಿನ್ನವನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಅದೂ ಕಣ್ಣು ಮಿಟುಕಿಸುವುದರೊಳಗೆ ಚೂರಾಗಿ ಹೋಯಿತು. ಹಳ್ಳಿ ಕಡೆ ಬಂದು ‘ಒಡವೆ ಪಾಲಿಶ್ ಮಾಡಿಕೊಡುತ್ತೇವೆ’ ಎನ್ನುವವರು ಇನ್ನೊಂದು ಬಗೆಯ ರಸಸಿದ್ಧರು. ಆಮ್ಲದಲ್ಲಿ ಅದ್ದಿ, ನಿನ್ನ ಚಿನ್ನವನ್ನು ಅವರ ಚಿನ್ನ ಮಾಡಿಕೊಳ್ಳುತ್ತಾರೆ.

ಒಂದು ಮಾತು ತಮಾಷೆಯಿಲ್ಲದೆ ಹೇಳುತ್ತೇನೆ. ಪಾದರಸವನ್ನು ಮನೆಯೊಳಗೆ ತರಬೇಡ. ಅದು ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಆವಿಯಾಗಲು ಅಷ್ಟು ಕಾಯುವುದಿಲ್ಲ. ತಣ್ಣಗೆ ಕೂತಲ್ಲೇ ಆವಿ ಬಿಡುತ್ತದೆ, ವಾಸನೆಯೂ ಬರುವುದಿಲ್ಲ. ನ್ಯೂಟನ್ನನಂಥ ನ್ಯೂಟನ್ ವರ್ಷಗಟ್ಟಲೆ ಗುಟ್ಟಾಗಿ ರಸವಿದ್ಯೆಯ ಒಲೆ ಊದಿದ. ಅವನ ತಲೆಗೂದಲನ್ನು 1979ರಲ್ಲಿ ಪರೀಕ್ಷೆ ಮಾಡಿದಾಗ ಪಾದರಸ ಮಿತಿಮೀರಿ ಸಿಕ್ಕಿತು. ನಮ್ಮ ರಸಶಾಸ್ತ್ರದವರು ಶುದ್ಧಿ, ಪುಟ ಅಂತ ಇಷ್ಟುದ್ದ ಬರೆದಿಟ್ಟದ್ದು ಪುಸ್ತಕ ದಪ್ಪವಾಗಲಿ ಅಂತಲ್ಲ. ಗುರುವಿಲ್ಲದೆ ಮೊಬೈಲ್ ನೋಡಿಕೊಂಡು ಮಾಡುವ ಕೆಲಸ ಅದಲ್ಲವೇ ಅಲ್ಲ.

ಒಲೆಯ ಮುಂದೆ ಕೂರಲೇಬೇಕಾದರೆ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂರು. ಹಸಿ ಅಡಿಕೆ ಸುಲಿದು ಬೇಯಿಸಿದ ನೀರು ಸರದಿ ಸರದಿಗೆ ಗಟ್ಟಿಯಾಗಿ ಚೊಗರಾಗುತ್ತದೆ. ಆ ಚೊಗರೇ ಮುಂದಿನ ಅಡಿಕೆಗೆ ಬಣ್ಣ, ಹೊಳಪು. ಎಷ್ಟು ಬೆಂದರೆ ಸಾಕು, ಯಾವಾಗ ಇಳಿಸಬೇಕು ಎನ್ನುವುದನ್ನು ನಿನ್ನಜ್ಜಿ ಥರ್ಮಾಮೀಟರ್ ನೋಡಿ ಹೇಳುತ್ತಾರೆಯೇ? ಹಬೆಯ ವಾಸನೆ ಹಿಡಿದು ಒಳಗಿಂದಲೇ ಕೂಗುತ್ತಾರೆ. ಆ ಮೂಗು ಬರಬೇಕಾದರೆ ಎಷ್ಟೋ ಸುಗ್ಗಿ ಬೇಕು. ಪೇಟೆ ಧಾರಣೆಯಲ್ಲಿ ಬಣ್ಣಕ್ಕೆ ಸಿಗುವ ಬೆಲೆ ಆ ಮೂಗಿನದ್ದು.

ಚೊಗರು ನಿನ್ನ ಗಿಟಾರಿಗೂ ಆಗುತ್ತದೆ. ಕಬ್ಬಿಣದ ಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈಯೆಲ್ಲ ಕಪ್ಪಾಗುತ್ತದಲ್ಲ, ಒಗರಿಗೂ ಕಬ್ಬಿಣಕ್ಕೂ ಇರುವ ನಂಟು ಅದು. ತುಕ್ಕು ಮೊಳೆಯನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಸಿಡು. ಬಿಳಿಚಿಕೊಂಡ ಮರಕ್ಕೆ ಮೊದಲು ಚೊಗರು ಹಚ್ಚಿ ಒಣಗಿಸು, ಮೇಲೆ ಆ ನೀರು ಸವರು. ಮರ ಕಪ್ಪಾಗುತ್ತದೆ. ಗಿಟಾರ್ ಮಾಡುವವರು ಸಾದಾ ಮರವನ್ನು ಕರಿಮರ ಮಾಡುವುದು ಇದೇ ಉಪಾಯದಲ್ಲಿ. ನಿನ್ನ ಆ ಅಗ್ಗದ ಗಿಟಾರಿನ ಬೆರಳುಪಟ್ಟಿಗೆ ಮಾಡಿ ನೋಡಬಹುದು, ಮೊದಲು ಒಂದು ಚೂರು ಮರದ ಮೇಲೆ ಪರೀಕ್ಷೆ ಮಾಡು. ಒಳ್ಳೇ ಗಿಟಾರಿಗೆ ಮಾತ್ರ ಕೈ ಹಚ್ಚಬೇಡ. ಅದರ ಬೆನ್ನು, ಪಕ್ಕೆ ಬೀಟೆಯದು. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿಯವರು 1969ರ ಸುಮಾರಿಗೆ ಭಾರತದ ಬೀಟೆಗೆ ಬಂದರು. ನಮ್ಮ ಘಟ್ಟದ ಮರವನ್ನೇ ಪರದೇಶದಿಂದ ತರಿಸಿ ತಬ್ಬಿಕೊಂಡು ಕೂತಿದ್ದೀಯ, ಆಯಿತು, ಗೌರವದಿಂದ ನೋಡಿಕೋ.

ಈಗ ಪಂಚಾಂಗ. ಮೃಗಶಿರ ಮಳೆ ಹಿಡಿಯುವ ಮೊದಲು ಮೊದಲನೇ ಮದ್ದು. ಆ ವಾರ ಗಿಟಾರ್ ಪೆಟ್ಟಿಗೆಯಲ್ಲೇ ಇರಲಿ. ಸುಣ್ಣದ ಕೈಯಲ್ಲಿ ಬೆರಳ ತುದಿ ಒಡೆಯುತ್ತದೆ, ಮೈಲುತುತ್ತದ ಕೈಯಲ್ಲಿ ಮುಟ್ಟಿದರೆ ಉಕ್ಕಿನ ತಂತಿ ಹಾಳು. ಚೂರಿಗೆ ಆದದ್ದೇ ತಂತಿಗೂ ಆಗುತ್ತದೆ. ಆಮೇಲೆ ಆರಿದ್ರಾ, ಪುನರ್ವಸು. ಹೊರಗೆ ಕಾಲಿಡಲಾಗದ ಮಳೆ, ಕರೆಂಟಿಲ್ಲ, ಫೋನಿಲ್ಲ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇ ಕಾಲ ಉಂಟೇ? ಆಂಪ್ಲಿಫೈಯರ್ ಮೂಲೆಗಿಡು, ಮರದ ಗಿಟಾರ್ ಹಿಡಿ. ಬಾರಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸಿ, ಪೆಟ್ಟಿಗೆಯಲ್ಲಿ ಇದ್ದಿಲಿನ ಗಂಟು ಇಡು. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆಯೋ, ಮರ ಸೀಳುತ್ತದೆ. ಮೊದಲ ಮದ್ದಿಗೆ 40, 45 ದಿನ ಆಗುವಾಗ ಹೊಳವು ನೋಡಿ ಎರಡನೆಯದು ಹೊಡೆಯಬೇಕು. ಆಗ ‘ಅಭ್ಯಾಸ ಕೆಡುತ್ತದೆ’ ಎಂದು ಕೊಸರಾಡಬೇಡ, ಕೊಳೆ ನಿನ್ನ ಅಭ್ಯಾಸಕ್ಕೆ ಕಾಯುವುದಿಲ್ಲ. ದೀಪಾವಳಿಯ ಆಚೀಚೆ ಕೊಯ್ಲು, ಮೆಟ್ಟುಗತ್ತಿ, ಹಂಡೆ, ಚೊಗರು. ಸುಲಿಯುವವರ ಸಾಲಿನಲ್ಲಿ ರಾತ್ರಿ ಕೂತು ಬಾರಿಸು. ಅವರು ನಿದ್ದೆ ಹೋದರೆ ನಿನ್ನ ತಾಳ ಸರಿಯಿಲ್ಲ, ಅಷ್ಟೇ ಪರೀಕ್ಷೆ. ಒಂದು ತಿಂಗಳು ಒಂದರ ಪಾಲು ಹೆಚ್ಚಾಯಿತೆಂದು ಲೆಕ್ಕ ಬರೆಯುತ್ತಾ ಕೂರಬೇಡ. ಮೈಸೂರಿನ ಹಾಡುಗಾರ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು, ಗಿಟಾರನ್ನು ತಾವಾಗಿ ಕಲಿತವರು. ಎಲ್ಲವೂ ಒಂದೇ ದಿನದ ವೇಳಾಪಟ್ಟಿಯಲ್ಲಿ ಆದದ್ದಲ್ಲ.

ನಿನ್ನಮ್ಮನ ನಿದ್ದೆಯ ವಿಷಯಕ್ಕೆ ಒಂದು ಉಪಾಯವಿದೆ. ಅವರು ಮದುವೆಗೆ ಮುಂಚೆ ಸಂಗೀತ ಕಲಿತಿದ್ದರು, ನೀನು ಕೇಳಿದ್ದೀಯಾ? ನೀನು ದಿನವಿಡೀ ಉಜ್ಜುವ ಆ ಐದು ಸ್ವರದ ಬ್ಲೂಸ್ ಏಣಿ ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಗಾಂಧಾರದ ತಂತಿಯನ್ನು ಬೆರಳಲ್ಲಿ ಜಗ್ಗಿ ಅಂತರ ಗಾಂಧಾರದ ಕಡೆಗೆ ಎಳೆದು, ಮುಟ್ಟದೆ ಬಿಡುತ್ತೀಯಲ್ಲ, ಅಲ್ಲಿ ನೀನು ಅವಸರ ಮಾಡುತ್ತಿದ್ದೀಯ. ಎಲ್ಲಿಗೆ ಎಳೆದು ನಿಲ್ಲಿಸಬೇಕು ಎಂಬುದು ನಿನ್ನಮ್ಮನ ಕಿವಿಗೆ ಗೊತ್ತು. ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಹಾಡಿಸು, ನೀನು ಸ್ಲೈಡಿನಲ್ಲಿ ಹಿಂಬಾಲಿಸು. ರಾಜಸ್ಥಾನದ ಜಯಪುರದ ವಿಶ್ವಮೋಹನ ಭಟ್ಟರು ಗಿಟಾರಿಗೆ ಹೆಚ್ಚಿನ ತಂತಿ ಕೂರಿಸಿ ಮೋಹನವೀಣೆ ಮಾಡಿ, ಅಮೆರಿಕದ ರೈ ಕೂಡರ್ ಜೊತೆ ಬಾರಿಸಿ ಗ್ರ್ಯಾಮಿ ತಂದರು. ಆ ಜಯಪುರಕ್ಕೆ ಅರಮನೆಯಿದೆ, ನಮ್ಮದಕ್ಕೆ ಮಳೆಯಿದೆ. ಮಳೆಗಾಲದ ಅಭ್ಯಾಸದಲ್ಲಿ ಅವರಿಗಿಂತ ನಾವೇ ಮುಂದಿರಬೇಕು.

ಹಾಂ, ಮೈಲುತುತ್ತ ಇನ್ನೂ ತಂದಿಲ್ಲ ಅಂತ ನಿನ್ನಪ್ಪ ಹೇಳಿದರು. ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಈ ವಾರವೇ ಹೋಗಿ ಬಾ. ಬರುವಾಗ ನನಗೂ ಐದು ಕಿಲೋ ಹಾಕಿಸಿಕೋ. ದುಡ್ಡಿಗೆ ಅವಸರ ಮಾಡಬೇಡ. ನಿನ್ನ ಗಿಟಾರ್ ರಾತ್ರಿ ನಮ್ಮನೆಗೂ ಕೇಳುತ್ತದೆ, ಅದರ ಲೆಕ್ಕದಲ್ಲಿ ವಜಾ ಮಾಡಿಕೋ.