ಕಾರ್ಡಿಗೆ ಸಹಿ ಹಾಕು, ಪುಟ್ಟಿ

ಪುಟ್ಟಿ, ಅಮೆರಿಕದ ನಿನ್ನ ಪ್ರಾದೇಶಿಕ ವಿಮಾನ ಕಂಪನಿಯಲ್ಲಿ ಯೂನಿಯನ್ ಕಾರ್ಡಿಗೆ ಸಹಿ ಹಾಕಲೋ ಬೇಡವೋ ಎಂದು ಕೇಳಿದ್ದೀಯ. ನಿಮ್ಮಪ್ಪ ಏನು ಹೇಳಿರುತ್ತಾನೆಂದು ಊಹಿಸಬಲ್ಲೆ. ಎರಡು ವರ್ಷ ತಲೆ ತಗ್ಗಿಸಿಕೊಂಡು ವಿಮಾನ ಹಾರಿಸು, ಗಂಟೆ ತುಂಬಿಸಿಕೊಂಡು ದೊಡ್ಡ ಕಂಪನಿ ಸೇರು, ಈ ಉಸಾಬರಿ ನಮಗ್ಯಾಕೆ ಅಂತ. ಅದು ಮಗಳ ಮೇಲಿನ ಅಕ್ಕರೆಯಿಂದ ಬಂದ ಮಾತು. ಅಷ್ಟೇ ಅಕ್ಕರೆಯಿಂದ ನಿನ್ನ ದೊಡ್ಡಪ್ಪ ಬೇರೆ ಮಾತು ಹೇಳುತ್ತಿದ್ದೇನೆ: ಸಹಿ ಹಾಕು. ಆದರೆ ಯಾತಕ್ಕಾಗಿ ಹಾಕುತ್ತಿದ್ದೇನೆಂದು ತಿಳಿದು ಹಾಕು. ಬರೀ ಸಂಬಳಕ್ಕೆಂದು ಹಾಕಿದರೆ ಆಮೇಲೆ ಬೇಸರವಾದೀತು.

ಸಂಬಳದ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕನ್ ಏರ್‌ಲೈನ್ಸ್‌ಗೆ ಸೇರಿದ ಎನ್‌ವಾಯ್, ಪೀಡ್‌ಮಾಂಟ್, ಪಿಎಸ್‌ಎ ಎಂಬ ಮೂರು ಪ್ರಾದೇಶಿಕ ಕಂಪನಿಗಳು 2022ರಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಕೊಡಲು ಶುರುಮಾಡಿದವು. ಮೂರರಲ್ಲೂ ಅಲ್ಪಾ ಎಂಬ ಪೈಲಟ್‌ಗಳ ಯೂನಿಯನ್ ಇದೆ. ಆದರೆ ಪೈಲಟ್‌ಗಳ ಒಳಸಂಘವಷ್ಟೇ ಇದ್ದ ಸ್ಕೈವೆಸ್ಟ್ ಕೂಡ ಅದೇ ವರ್ಷ ಸಂಬಳ ಏರಿಸಿತು. ಕೋವಿಡ್ ಕಾಲದಲ್ಲಿ ದೊಡ್ಡ ಕಂಪನಿಗಳು ಹಿರಿಯ ಪೈಲಟ್‌ಗಳನ್ನು ಅವಧಿಗೆ ಮುಂಚೆ ಮನೆಗೆ ಕಳಿಸಿ, ಆಮೇಲೆ ನಿಮ್ಮಂಥ ಕಂಪನಿಗಳಿಂದ ಹುಡುಗರನ್ನು ಸೆಳೆದುಕೊಂಡವಲ್ಲ, ಆ ಅಭಾವ ತಂದ ಏರಿಕೆ ಅದು. ಹಾಗಾಗಿ 'ಯೂನಿಯನ್ ಇಲ್ಲದೆಯೂ ಸಂಬಳ ಬಂತಲ್ಲ' ಎನ್ನುವ ನಿನ್ನ ಜೊತೆಯವರ ಮಾತು ಸುಳ್ಳಲ್ಲ. ಅಭಾವ ನೀಗಿದ ಮೇಲೆ ಅದು ಉಳಿಯುವುದು ಯಾವ ಕಾಗದದ ಬಲದ ಮೇಲೆ ಎಂದು ಮಾತ್ರ ಅವರನ್ನು ಕೇಳು.

ನನಗೆ ಸಂಬಳಕ್ಕಿಂತ ದೊಡ್ಡ ಚಿಂತೆ ನಿನ್ನ ನಿದ್ದೆಯದು. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟ ಕೋಲ್ಗನ್ ಏರ್‌ನ 3407ನೇ ವಿಮಾನ ಇಳಿಯುವ ಮುಂಚೆ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು ತೀರಿಕೊಂಡರು. ಪ್ರಯಾಣಿಕರು ಕೊಂಡಿದ್ದ ಟಿಕೆಟ್ಟಿನ ಮೇಲೆ ಕಾಂಟಿನೆಂಟಲ್ ಎಂಬ ದೊಡ್ಡ ಹೆಸರಿತ್ತು. ಹಾರಿಸುತ್ತಿದ್ದವರು ಸಣ್ಣ ಕಂಪನಿಯವರು. ಫಸ್ಟ್ ಆಫೀಸರ್ ಇಪ್ಪತ್ತನಾಲ್ಕರ ಹುಡುಗಿ. ತಂದೆತಾಯಿಯ ಜೊತೆ ಸಿಯಾಟಲ್ ಕಡೆ ಇದ್ದವಳು, ಡ್ಯೂಟಿಗಾಗಿ ಹಿಂದಿನ ರಾತ್ರಿಯೆಲ್ಲ ಸರಕು ವಿಮಾನದಲ್ಲಿ ಮೆಂಫಿಸ್ ಮೂಲಕ ನ್ಯೂವಾರ್ಕ್‌ಗೆ ಬಂದು, ಸಿಬ್ಬಂದಿ ಕೋಣೆಯಲ್ಲಿ ಒಂದಿಷ್ಟು ಕಣ್ಣು ಮುಚ್ಚಿದ್ದಳು. ವೇಗ ಕುಸಿದ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಬಾರದ್ದನ್ನು ಮಾಡಿದರು ಎಂಬುದೇ ತನಿಖೆ ಹೇಳಿದ ಮುಖ್ಯ ಕಾರಣ. ಇಬ್ಬರಿಗೂ ಆಯಾಸವಾಗಿದ್ದಿರಬೇಕು ಎಂದೂ ಅದು ಬರೆಯಿತು.

ಸತ್ತವರ ಮನೆಯವರು ವರ್ಷಗಟ್ಟಲೆ ವಾಷಿಂಗ್ಟನ್‌ಗೆ ಅಲೆದರು, ಪೈಲಟ್ ಸಂಘಗಳೂ ದನಿಗೂಡಿಸಿದವು. 2014ರ ಜನವರಿಯಿಂದ ಹೊಸ ವಿಶ್ರಾಂತಿ ನಿಯಮ ಜಾರಿಗೆ ಬಂತು. ಡ್ಯೂಟಿಗೆ ಮುಂಚೆ ಹತ್ತು ಗಂಟೆ ಬಿಡುವು, ಅದರೊಳಗೆ ಎಂಟು ಗಂಟೆ ನಿದ್ದೆಗೆ ಅವಕಾಶ. ದಣಿದಿದ್ದರೆ ಹಾರಿಸಕೂಡದು. ಇದೆಲ್ಲ ನಿನಗೆ ಬಾಯಿಪಾಠ. ಆದರೆ ದಣಿದಿದ್ದೇನೆ ಎಂದು ಫೋನ್ ಮಾಡಿದ ಮರುದಿನ ನಿನ್ನನ್ನು ಯಾರು ಕರೆಸುತ್ತಾರೆ, ಯಾವ ದನಿಯಲ್ಲಿ ಕೇಳುತ್ತಾರೆ, ಆ ಟ್ರಿಪ್ಪಿನ ಹಣ ಹಿಡಿಯುತ್ತಾರೋ ಕೊಡುತ್ತಾರೋ, ಮೂರನೇ ಸಲ ಫೋನ್ ಮಾಡಿದರೆ ಫೈಲಿನಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಸರ್ಕಾರದ ನಿಯಮದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ಕಂಪನಿಯ ಕೈಪಿಡಿಯಲ್ಲಿ, ಇಲ್ಲವೇ ಯೂನಿಯನ್ನಿನ ಒಪ್ಪಂದದಲ್ಲಿ. ಕೈಪಿಡಿಯನ್ನು ಕಂಪನಿ ತಾನೇ ತಿದ್ದಬಹುದು. ಒಪ್ಪಂದ ತಿದ್ದಬೇಕಾದರೆ ನಿಮ್ಮೆದುರು ಬಂದು ಕೂರಬೇಕು. ಇಷ್ಟು ವ್ಯತ್ಯಾಸ ಸಾಕು ನನಗೆ.

ಬೆಂಗಳೂರಿನ ಕಾರ್ಖಾನೆಯಲ್ಲಿ ನಾನು ಯೂನಿಯನ್ ಕಮಿಟಿಯಲ್ಲಿದ್ದಾಗ ನಡೆದದ್ದು ಒಂದು ಹೇಳುತ್ತೇನೆ. ನಮ್ಮ ಶಾಪಿನ ಒಬ್ಬ ಫಿಟ್ಟರ್ ಜೋಡಣೆ ಮುಗಿದ ಭಾಗಕ್ಕೆ ತನ್ನ ಸ್ಟ್ಯಾಂಪ್ ಒತ್ತಲಿಲ್ಲ. ಬೋಲ್ಟ್ ಬಿಗಿಸುವ ಟಾರ್ಕ್ ರೆಂಚಿನ ಪರೀಕ್ಷೆಯ ಗಡುವು ಮೀರಿದೆ, ಬೇರೆ ರೆಂಚ್ ಕೊಡಿ ಎಂದ. ತಿಂಗಳ ಕೊನೆ, ಮಾಲು ಹೊರಗೆ ಹೋಗಬೇಕು. ಮೇಲಿನವರು ಅವಿಧೇಯತೆ ಎಂದು ಚಾರ್ಜ್‌ಶೀಟ್ ಕೊಟ್ಟರು. ಎನ್‌ಕ್ವೈರಿಯಲ್ಲಿ ಅವನ ಪಕ್ಕ ಕುಳಿತವನು ನಾನು. ಅವನಿಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿರಲಿಲ್ಲ. ಟೂಲ್ ಸ್ಟೋರಿನ ರಿಜಿಸ್ಟರ್ ತರಿಸಿ ಎಂದು ಬರೆದುಕೊಟ್ಟೆ. ತಂದರು. ಆ ರೆಂಚಿನ ಎದುರು ಗಡುವಿನ ತಾರೀಕು ಕೆಂಪು ಶಾಯಿಯಲ್ಲಿತ್ತು, ಅದು ಕಳೆದು ವಾರವಾಗಿತ್ತು. ಚಾರ್ಜ್‌ಶೀಟ್ ವಾಪಸಾಯಿತು. ಅವನು ಮೊದಲಿಂದಲೂ ಸರಿಯಾಗೇ ಇದ್ದ, ಪುಟ್ಟಿ. ಆ ರಿಜಿಸ್ಟರ್ ತರಿಸಿ ಎಂದು ಕೇಳುವ ಧೈರ್ಯ ಒಂಟಿ ಮನುಷ್ಯನಿಗೆ ಆ ಕೋಣೆಯಲ್ಲಿ ಇರುವುದಿಲ್ಲ.

ನಿಮ್ಮ ದೇಶದಲ್ಲಂತೂ ಒಪ್ಪಂದವಿಲ್ಲದ ಕೆಲಸಗಾರರನ್ನು ಕಾರಣ ಹೇಳದೆ ತೆಗೆಯಲು ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಅವಕಾಶವಿದೆ. ಹಾಗಿರುವಾಗಲೂ ಕಾಕ್‌ಪಿಟ್‌ನಲ್ಲಿ ಎಡಗಡೆ ಕುಳಿತ ಹಿರಿಯನಿಗೆ 'ಬೇಡ' ಎನ್ನಬೇಕಾದವಳು ಬಲಗಡೆ ಕುಳಿತ ನೀನು. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯ ಗುಡ್ಡದಿಂದ ಕೆಳಗುರುಳಿ 158 ಜನ ಹೋದರಲ್ಲ, ಆ ತನಿಖೆಯ ವರದಿಯನ್ನು ಬಿಡುವಾದಾಗ ಓದು. ಹಾದಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಇಳಿಯುವುದು ಬಿಟ್ಟು ಮತ್ತೆ ಮೇಲೇರೋಣ ಎಂದು ಫಸ್ಟ್ ಆಫೀಸರ್ ಮತ್ತೆ ಮತ್ತೆ ಹೇಳಿದ್ದರು. ಯೂನಿಯನ್ ಇದ್ದಿದ್ದರೆ ಅದು ತಪ್ಪುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಸತ್ತವರಿಗೆ ಮಾಡುವ ಅನ್ಯಾಯ. ದಣಿವನ್ನೂ 'ಬೇಡ' ಎಂಬ ಮಾತನ್ನೂ ಹಗುರವಾಗಿ ಕಾಣುವ ಕಡೆ ನೀನು ಕೆಲಸ ಮಾಡಬಾರದು, ಅಷ್ಟೇ ನನ್ನ ಆಸೆ.

ಇನ್ನು ಯೂನಿಯನ್ ಬೇಡ ಎನ್ನುವವರ ಮಾತು. ಚಂದಾ ದುಬಾರಿ ಎನ್ನುತ್ತಾರೆ. ಅಲ್ಪಾದ ಚಂದಾ ಸಂಬಳದಲ್ಲಿ ಶೇಕಡಾ ಎರಡರ ಒಳಗೇ ಇದೆ. ಒಂದು ಕೇಸಿಗೆ ವಕೀಲರನ್ನಿಟ್ಟರೆ ಎಷ್ಟಾಗುತ್ತದೆಂದು ವಿಚಾರಿಸಿ ನೋಡು. ಡೆಲ್ಟಾಕ್ಕೆ ಸೇರಿದ್ದ ಕಾಮ್‌ಏರ್ ಎಂಬ ಪ್ರಾದೇಶಿಕ ಕಂಪನಿಯ ಕಥೆ ಹೇಳುತ್ತಾರೆ. ಆ ಕಥೆಯಲ್ಲಿ ತೂಕವಿದೆ. 2001ರಲ್ಲಿ ಸಿನ್ಸಿನಾಟಿಯ ಆ ಪೈಲಟ್‌ಗಳು 89 ದಿನ ಮುಷ್ಕರ ಹೂಡಿ ಒಳ್ಳೆಯ ಒಪ್ಪಂದ ಗೆದ್ದರು. 2012ರಲ್ಲಿ ಡೆಲ್ಟಾ ಆ ಕಂಪನಿಯನ್ನೇ ಮುಚ್ಚಿತು. ಐವತ್ತು ಸೀಟಿನ ಜೆಟ್‌ಗಳು ಲಾಭ ತರದಂತಾದದ್ದು, ಡೆಲ್ಟಾ ದಿವಾಳಿಯ ಮೆಟ್ಟಿಲು ಹತ್ತಿದ್ದು, ಎಲ್ಲ ಸೇರಿ ಹಾಗಾಯಿತು. ಆದರೂ ನಿಜ ನಿಜವೇ: ವಿಮಾನದ ಬಾಲದ ಬಣ್ಣ ಯಾರದ್ದೋ ಕೆಲಸ ಕೊಡುವವರೂ ಅವರೇ, ಒಂದು ಸಣ್ಣ ಕಂಪನಿಯಿಂದ ಕಿತ್ತು ಇನ್ನೊಂದಕ್ಕೆ ಕೊಡುವವರೂ ಅವರೇ. ನಿನ್ನ ಕಂಪನಿಯಲ್ಲಿ ಮಾತ್ರ ಯೂನಿಯನ್ ಇದ್ದು ಪಕ್ಕದ್ದರಲ್ಲಿ ಇಲ್ಲದಿದ್ದರೆ ಬಲ ಅರ್ಧವೇ. ಅದಕ್ಕೇ ಪಕ್ಕದವರೂ ಸೇರಲಿ ಎಂದು ಹಾರೈಸಬೇಕು, ನಾವು ಹಿಂದೆ ಸರಿಯಬಾರದು.

ಎಲ್ಲಕ್ಕಿಂತ ಹೆಚ್ಚು ಹುಡುಗರನ್ನು ಹಿಡಿದಿಟ್ಟಿರುವುದು 'ಎರಡು ವರ್ಷವಷ್ಟೇ ಇರುತ್ತೇನೆ' ಎಂಬ ಲೆಕ್ಕ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬರುವವರೆಗೆ ನಿಲ್ಲುವವರು ಕಸ ಗುಡಿಸುವುದಿಲ್ಲವಲ್ಲ, ಹಾಗಾಗಿದೆ ಪ್ರಾದೇಶಿಕ ಕಂಪನಿಗಳ ಪಾಡು. ಇನ್ನೊಂದು ಕಂಪನಿಗೆ ಹೋದರೆ ಹಿರಿತನದ ಪಟ್ಟಿಯಲ್ಲಿ ಮತ್ತೆ ಕಟ್ಟಕಡೆಗೆ ಬೀಳುತ್ತೀರಿ, ಅದಕ್ಕೇ ಬೇಗ ಹೋಗುವ ಆತುರ. ಅದು ನನಗೂ ಅರ್ಥವಾಗುತ್ತದೆ. ಆದರೆ ಆ ಎರಡು ವರ್ಷ ನಾಲ್ಕಾದವರು, ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ ಎಂದು ಅಲ್ಲೇ ಉಳಿದವರು ನಿನ್ನ ಕಂಪನಿಯಲ್ಲೇ ಎಷ್ಟು ಜನ ಇದ್ದಾರೆ ನೋಡು. ನಿನಗೆ ಹಾರಿಸುವುದು ಕಲಿಸುತ್ತಿರುವ ಕ್ಯಾಪ್ಟನ್‌ಗಳು ಅವರೇ.

ಈಗ ಮಾಡಬೇಕಾದ್ದು. ಕಾರ್ಡಿನ ಮೇಲೆ ಹೆಸರು, ತಾರೀಕು ನಿನ್ನ ಕೈಯಲ್ಲೇ ಬರೆ. ವರ್ಷಕ್ಕಿಂತ ಹಳೆಯ ಕಾರ್ಡು ಲೆಕ್ಕಕ್ಕಿಲ್ಲ. ಅರ್ಧದಷ್ಟು ಪೈಲಟ್‌ಗಳು ಸಹಿ ಹಾಕಿದರೆ ಮಾತ್ರ ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಚುನಾವಣೆ ನಡೆಸುತ್ತದೆ, ಕಾರ್ಡುಗಳನ್ನು ಕಂಪನಿಗೆ ತೋರಿಸುವುದಿಲ್ಲ. 2010ಕ್ಕೆ ಮುಂಚೆ ಮತ ಹಾಕದವರೂ 'ಬೇಡ' ಎಂದ ಹಾಗೇ ಲೆಕ್ಕ. ಈಗ ಚಲಾವಣೆಯಾದ ಮತಗಳಲ್ಲಿ ಹೆಚ್ಚು ಬಂದವರು ಗೆಲ್ಲುತ್ತಾರೆ, ಹಾಗಾಗಿ ಯಾವ ಕಡೆಗಾದರೂ ಸರಿ, ಮತ ಹಾಕದೆ ಕೂರಬೇಡ. ಕಂಪನಿಯ ಇಮೇಲ್‌ನಲ್ಲಿ ಈ ವಿಷಯ ಎತ್ತಬೇಡ. ಪ್ರೊಬೇಷನ್ ಅವಧಿಯಲ್ಲಿ ಒಪ್ಪಂದದ ರಕ್ಷಣೆ ಸಾಮಾನ್ಯವಾಗಿ ಪೂರ್ತಿ ಸಿಗುವುದಿಲ್ಲ, ಅದೂ ನೆನಪಿರಲಿ. ಗೆದ್ದರೂ ಮೊದಲ ಒಪ್ಪಂದಕ್ಕೆ ವರ್ಷಗಳೇ ಹಿಡಿದಾವು, ವಿಮಾನ ಕಂಪನಿಗಳಿಗೂ ಅನ್ವಯಿಸುವ 1926ರ ರೈಲ್ವೆ ಕಾರ್ಮಿಕ ಕಾನೂನಿನಡಿ ಮುಷ್ಕರಕ್ಕೆ ಹೋಗುವ ದಾರಿ ಬಲು ಉದ್ದ. ಸಂಘಟಿಸುತ್ತಿರುವವರನ್ನು ಕಂಡಾಗ ಸಂಬಳ ಎಷ್ಟು ಕೇಳುತ್ತೀರಿ ಎನ್ನುವ ಮುಂಚೆ, ದಣಿವಿನ ಫೋನ್ ಕರೆಗೆ ಒಪ್ಪಂದದಲ್ಲಿ ಏನು ಬರೆಸುತ್ತೀರಿ ಎಂದು ಕೇಳು. ಉತ್ತರ ಸರಿಯಾಗಿ ಬರದಿದ್ದರೆ ಆ ಕಮಿಟಿಗೆ ನೀನೇ ಸೇರು.