ಅನ್ನ ಬಿಟ್ಟರೂ ಇಳಿಯದ ಶುಗರ್

ಮಂಡ್ಯ ಕಡೆಯ ಮನೆಗಳಲ್ಲಿ ಯಾರಿಗಾದರೂ ಶುಗರ್ ಬಂತೆಂದರೆ ಮೊದಲ ಏಟು ಬೀಳುವುದು ಅನ್ನಕ್ಕೆ. ‘ಅನ್ನ ಬಿಟ್ಬಿಡಿ, ಮುದ್ದೆ ತಿನ್ನಿ’ ಎನ್ನದ ನೆಂಟರಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ನಮ್ಮ ಭಾವ ಈ ಮಾತನ್ನು ವ್ರತದಂತೆ ಹಿಡಿದರು. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಮಾಲ್ಟು, ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ನವಣೆ ಬಿಸಿಬೇಳೆಬಾತು. ಎರಡು-ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಮಾತ್ರ ಅಂಕಿ ಇದ್ದಲ್ಲೇ ಇತ್ತು. “ಅನ್ನ ಮುಟ್ಟೇ ಇಲ್ಲ ಕಣಮ್ಮ, ಇನ್ನೇನು ಮಣ್ಣು ತಿನ್ಲಾ?” ಎಂದು ನನ್ನ ಮೇಲೆ ರೇಗಿದರು. ಆರೋಗ್ಯದ ಬಗ್ಗೆ ಆಗಾಗ ಬರೆಯುತ್ತೇನೆ ಎಂಬ ಕಾರಣಕ್ಕೆ ಮನೆಯ ಇಂಥ ತಕರಾರುಗಳೆಲ್ಲ ನನ್ನ ಬಳಿಗೇ ಬರುತ್ತವೆ.

ಅವರ ಪ್ರಶ್ನೆಗೆ ಉತ್ತರ ಅವರದೇ ವಿಷಯದಲ್ಲಿತ್ತು: ಗುಣಾಕಾರದಲ್ಲಿ.

ಟೊರೊಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ 62 ಆಹಾರಗಳನ್ನು ಜನರಿಗೆ ತಿನ್ನಿಸಿ, ಯಾವುದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಅಳೆದರು. ಗ್ಲೈಸೆಮಿಕ್ ಇಂಡೆಕ್ಸ್ ಹುಟ್ಟಿದ್ದು ಹಾಗೆ. ಶುದ್ಧ ಗ್ಲೂಕೋಸಿಗೆ 100 ಅಂಕವಾದರೆ ಉಳಿದವಕ್ಕೆ ಅದಕ್ಕೆ ಹೋಲಿಸಿ ಅಂಕ. ಆದರೆ ಈ ಅಳತೆಯಲ್ಲಿ ಒಂದು ತೊಡಕಿದೆ. ಪರೀಕ್ಷೆಗೆ ಕೂತವರಿಗೆಲ್ಲ ಒಂದೇ ತೂಕದ ಪಿಷ್ಟ (ಕಾರ್ಬೋಹೈಡ್ರೇಟ್) ಸಿಗುವಂತೆ ಆಹಾರ ಕೊಡಲಾಗುತ್ತದೆ. ಮನೆಯಲ್ಲಿ ಹಾಗೆ ತೂಗಿ ಉಣ್ಣುವವರು ಯಾರು? ಕಲ್ಲಂಗಡಿಯ ಅಂಕ 70ರ ಮೇಲೆ ಎಂದು ಓದಿ ಬೇಸಿಗೆಯಲ್ಲೂ ಅದನ್ನು ದೂರ ಇಟ್ಟವರನ್ನು ನಾನು ಬಲ್ಲೆ. ನೂರು ಗ್ರಾಂ ಕಲ್ಲಂಗಡಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಸಕ್ಕರೆ ಹೆಚ್ಚೆಂದರೆ ಆರೇಳು ಗ್ರಾಂ. ಒಂದೆರಡು ಹೋಳಿನಿಂದ ಆಗುವ ಏರಿಕೆ ಅತ್ಯಲ್ಪ.

ಈ ತೊಡಕನ್ನು ಬಿಡಿಸಲು 1997ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇನ್ನೊಂದು ಅಳತೆ ತಂದರು: ಗ್ಲೈಸೆಮಿಕ್ ಲೋಡ್. ಇಂಡೆಕ್ಸನ್ನು ತಟ್ಟೆಯಲ್ಲಿ ನಿಜಕ್ಕೂ ಇರುವ ಪಿಷ್ಟದ ಗ್ರಾಂಗಳಿಂದ ಗುಣಿಸಿ ನೂರರಿಂದ ಭಾಗಿಸಿದರೆ ಅದು ಸಿಗುತ್ತದೆ. ಒಂದು ಬಡಿಸಿಕೆಗೆ 10ರೊಳಗಿದ್ದರೆ ಕಡಿಮೆ, 20 ದಾಟಿದರೆ ಜಾಸ್ತಿ.

ಭಾವ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಲು ಕೂತರು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ಇಂಡೆಕ್ಸ್ ಸುಮಾರು 72. ಲೋಡ್ 56. ರಾಗಿ ಹಿಟ್ಟಿನಲ್ಲಿ ಪಿಷ್ಟ ಸುಮಾರು 67 ಗ್ರಾಂ. ಹೈದರಾಬಾದಿನ ಇಕ್ರಿಸ್ಯಾಟ್ ವಿಜ್ಞಾನಿಗಳ ನೇತೃತ್ವದಲ್ಲಿ 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟ ಸಿರಿಧಾನ್ಯಗಳ ಸರಾಸರಿ ಇಂಡೆಕ್ಸ್ ಸುಮಾರು 53; ರಾಗಿಗೂ ಅದನ್ನೇ ಹಿಡಿದರೆ ಲೋಡ್ 35ರ ಆಸುಪಾಸು. ಇಲ್ಲಿಯವರೆಗೆ ರಾಗಿಯದೇ ಮೇಲುಗೈ. ಆಮೇಲೆ ಅಕ್ಕ ಅಡುಗೆಮನೆಯ ತಕ್ಕಡಿ ತಂದಿಟ್ಟು ಹಿಟ್ಟು ತೂಗಿದಳು. ಅವಳು ಕಟ್ಟುವ ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಬೇಕು. ಎರಡು ಮುದ್ದೆಗೆ ಲೋಡ್ 70! ನೂರು ಗ್ರಾಂ ಅಕ್ಕಿಯ ಅನ್ನಕ್ಕಿಂತ ಹಿಡಿದ ಎರಡು ಮುದ್ದೆಯ ಹೊರೆಯೇ ಹೆಚ್ಚು. ಪೆನ್ಸಿಲು ಕೆಳಗಿಟ್ಟ ಭಾವ, “ಇದನ್ನ ಆ ನೆಂಟರಿಗೆ ಕಳಿಸು” ಎಂದರು.

ಧಾನ್ಯ ಯಾವುದು ಎಂಬಷ್ಟೇ ಮುಖ್ಯ, ಅದು ಯಾವ ರೂಪದಲ್ಲಿ ಒಳಹೋಗುತ್ತದೆ ಎಂಬುದು. ಮುದ್ದೆಯ ರಾಗಿ ಬೇರೆ, ಮಾಲ್ಟಿನ ರಾಗಿ ಬೇರೆ. ಮೊಳಕೆ ಕಟ್ಟಿ, ಹುರಿದು, ನುಣ್ಣಗೆ ಬೀಸಿ, ಜರಡಿ ಹಿಡಿದು, ನೀರಲ್ಲಿ ಕುದಿಸಿದ ಹಿಟ್ಟಿನ ಪಿಷ್ಟವನ್ನು ಒಡೆಯಲು ಜೀರ್ಣರಸಕ್ಕೆ ಕೆಲಸವೇ ಉಳಿದಿರುವುದಿಲ್ಲ. ಅದಕ್ಕೆ ಬೆಲ್ಲ ಸೇರಿದರೆ ಮುಗಿಯಿತು. ರಕ್ತದ ಮಟ್ಟಿಗೆ ಬೆಲ್ಲ ಸಕ್ಕರೆಯ ಒಡಹುಟ್ಟು. ಭಾವ ಮಾಲ್ಟು ಕುಡಿದು ಒಂದು ಗಂಟೆಗೆ ಬೆರಳು ಚುಚ್ಚಿ ಗ್ಲೂಕೋಮೀಟರಿಗೆ ಹನಿ ಇಟ್ಟರೆ ಇನ್ನೂರರ ಮೇಲೆ ತೋರಿಸಿತು. ಅದೇ ರಾಗಿಯ ಅರ್ಧ ಮುದ್ದೆಯನ್ನು ಸೊಪ್ಪು-ಕಾಳಿನ ಜೊತೆ ಉಂಡ ದಿನ ಏರಿಕೆ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಕರಾವಳಿಯ ಕುಚ್ಚಲಕ್ಕಿಗೂ ಇದೇ ನ್ಯಾಯ: ಭತ್ತವನ್ನು ಬೇಯಿಸಿ ಒಣಗಿಸುವಾಗ ಪಿಷ್ಟದ ಒಂದಂಶ ಗಟ್ಟಿಗೊಂಡು ನಿಧಾನವಾಗಿ ಕರಗುವಂತಾಗುತ್ತದೆ. ಬಿಳಿ ಅಕ್ಕಿಗಿಂತ ಅದು ಮೇಲು. ಹಾಗೆಂದು ಬಟ್ಟಲುಗಟ್ಟಲೆ ಗಂಜಿ ಕುಡಿಯಲು ಅದು ಪರವಾನಗಿಯಲ್ಲ.

ಸಕ್ಕರೆ ಒಮ್ಮೆ ಏರಿ ಇಳಿದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ನುಗ್ಗಿದಾಗಲೆಲ್ಲ ಮೇದೋಜೀರಕ ಗ್ರಂಥಿ ಅಷ್ಟೇ ಜೋರಾಗಿ ಇನ್ಸುಲಿನ್ ಸುರಿಸಬೇಕು. ಸ್ನಾಯುಗಳು ಹಿಡಿದಿಟ್ಟುಕೊಂಡು ಮಿಕ್ಕಿದ್ದರಲ್ಲಿ ಒಂದು ಪಾಲನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಎಣ್ಣೆ, ತುಪ್ಪ ಮುಟ್ಟದವರ ರಕ್ತದಲ್ಲೂ ಟ್ರೈಗ್ಲಿಸರೈಡ್ ಏರಿ, ಒಳ್ಳೆಯ ಕೊಲೆಸ್ಟರಾಲ್ ಇಳಿದಿರುವುದು ಹಲವೊಮ್ಮೆ ಇದರಿಂದಲೇ. ಭಾವನ ವರದಿಯೂ ಹಾಗೇ ಇತ್ತು; ಅವರು ಅನುಮಾನಿಸುತ್ತಿದ್ದದ್ದು ಪಾಪದ ಕಡಲೆಕಾಯಿ ಎಣ್ಣೆಯನ್ನು. ಭಾರತೀಯರ ಮೈಕಟ್ಟು ಬೇರೆ ಇದಕ್ಕೆ ಕೈಜೋಡಿಸುತ್ತದೆ: ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಇದನ್ನು ನವಜಾತ ಶಿಶುಗಳಲ್ಲೇ ತೋರಿಸಿಕೊಟ್ಟರು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ವರ್ಷಗಳುದ್ದಕ್ಕೂ ಗಮನಿಸುತ್ತ ಬಂದ ಅಧ್ಯಯನವೂ ಇದೇ ಜಾಡಿನದು.

ಹಾರ್ವರ್ಡ್‌ನವರು ಆರು ವರ್ಷ ಹಿಂಬಾಲಿಸಿದ 65 ಸಾವಿರ ನರ್ಸುಗಳ ಪೈಕಿ, ಊಟದ ಲೋಡ್ ಹೆಚ್ಚಿದ್ದು ಧಾನ್ಯದ ನಾರು ಕಡಿಮೆಯಿದ್ದವರಿಗೆ ಮಧುಮೇಹದ ಅಪಾಯ ಎರಡೂವರೆ ಪಟ್ಟು. 2021ರಲ್ಲಿ ಜೆಂಕಿನ್ಸ್ ತಂಡವೇ 20 ದೇಶಗಳ 1,37,851 ಜನರ ಮಾಹಿತಿ ಪ್ರಕಟಿಸಿತು. ಇಂಡೆಕ್ಸ್ ಜಾಸ್ತಿಯಿರುವ ಊಟಕ್ಕೂ ಹೃದಯ-ರಕ್ತನಾಳದ ಕಾಯಿಲೆ, ಸಾವುಗಳಿಗೂ ನಂಟು ಕಂಡಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಆ ಅಧ್ಯಯನದ ಭಾರತೀಯ ಕೇಂದ್ರಗಳಲ್ಲೊಂದು. ಆದರೆ ಇವೆಲ್ಲ ಜನರ ಊಟವನ್ನು ನೋಡಿ ಬರೆದಿಟ್ಟ ಲೆಕ್ಕ. ಅಮೆರಿಕದಲ್ಲಿ 163 ಜನರಿಗೆ ತರಕಾರಿ, ಹಣ್ಣು ಧಾರಾಳವಾಗಿರುವ ಊಟವನ್ನೇ ಕೊಟ್ಟು, ಇಂಡೆಕ್ಸ್ ಬದಲಿಸಿ ನೋಡಿದಾಗ (ಫಲಿತಾಂಶ ಬಂದದ್ದು 2014ರಲ್ಲಿ) ಇನ್ಸುಲಿನ್ ಕೆಲಸದಲ್ಲಿ ಸುಧಾರಣೆ ಕಾಣಲಿಲ್ಲ. ಊಟ ಒಟ್ಟಾರೆ ನೆಟ್ಟಗಿದ್ದರೆ ಅಂಕಿಗಳ ಹಿಂದೆ ಬೀಳಬೇಕಿಲ್ಲ ಎಂದು ನಾನು ಅದನ್ನು ಓದಿಕೊಂಡಿದ್ದೇನೆ. ಕರಿದ ಚಿಪ್ಸಿನ ಇಂಡೆಕ್ಸ್ ಬೇಯಿಸಿದ ಆಲೂಗಡ್ಡೆಗಿಂತ ಕಡಿಮೆ ಬರುವುದುಂಟು; ಎಣ್ಣೆ ಹೊಟ್ಟೆಯಲ್ಲಿ ಆಹಾರವನ್ನು ತಡೆದಿಡುತ್ತದೆ, ಅಷ್ಟೆ. ಅಂಕ ನೋಡಿ ಚಿಪ್ಸ್ ಕೊಳ್ಳುವವರಿಗೆ ಏನು ಹೇಳುವುದು!

ಹಾಗಾಗಿ ಅಕ್ಕನ ಅಡುಗೆಮನೆಯಲ್ಲಿ ಹೊಸ ಪದಾರ್ಥವೇನೂ ಬರಲಿಲ್ಲ. ಬಸ್ಸಾರು ಮಾಡುವ ದಿನ ಬೇಯಿಸಿ ಬಸಿದ ಸೊಪ್ಪು, ಹೆಸರುಕಾಳು ಇಲ್ಲವೇ ಹುರುಳಿಕಾಳಿಗೆ ಒಗ್ಗರಣೆ ಕೊಟ್ಟ ಪಲ್ಯ ಮೊದಲು ತಟ್ಟೆಯ ಅಂಚಿನಲ್ಲಿ ಎರಡು ಚಮಚ ಕೂರುತ್ತಿತ್ತು. ಈಗ ಅದು ಅರ್ಧ ತಟ್ಟೆ, ಅದನ್ನು ತಿಂದ ಮೇಲೆಯೇ ಮುದ್ದೆ. ಮುದ್ದೆ ಚಿಕ್ಕ ಕಿತ್ತಳೆಯಷ್ಟು. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಹನ್ನೊಂದು ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟಿದ್ದರು. ತರಕಾರಿ, ಮಾಂಸ ಮೊದಲು ತಿಂದ ದಿನ ಒಂದು ಗಂಟೆಯ ಸಕ್ಕರೆ ಶೇ 37ರಷ್ಟು ಕಡಿಮೆ. ಪುಟ್ಟ ಅಧ್ಯಯನ, ನಿಜ. ಭಾವನ ಗ್ಲೂಕೋಮೀಟರ್ ಅದಕ್ಕೆ ತಲೆಯಾಡಿಸಿತು. ಮಾಲ್ಟಿನ ಜಾಗಕ್ಕೆ ಉಪ್ಪು-ಮಜ್ಜಿಗೆ ಬೆರೆಸಿದ ತೆಳು ಅಂಬಲಿ, ಜೊತೆಗೆ ಉಸಲಿ ಅಥವಾ ಮೊಟ್ಟೆ. ಉಂಡು ಮಲಗುವ ಅಭ್ಯಾಸ ಬಿಡಿಸಲು ಮಾತ್ರ ಅಕ್ಕ ಜಗಳವಾಡಬೇಕಾಯಿತು. ಊಟದ ಬೆನ್ನಿಗೇ ಕಾಲು ಗಂಟೆ ನಡೆದರೆ ಸ್ನಾಯುಗಳು ಗ್ಲೂಕೋಸನ್ನು ಹೀರಿಕೊಳ್ಳುತ್ತವೆ. ಕೆರೆ ಏರಿಯ ಮೇಲೆ ಒಂದು ಸುತ್ತು ಸಾಕು.

ಇದರ ನಡುವೆ ಒಂದು ಸಂಜೆ ಭಾವ ಬೆವರಿ, ಕೈ ನಡುಗಿ, ಮಾತು ತೊದಲಿ ಜಗಲಿ ಮೇಲೆ ಕೂತುಬಿಟ್ಟರು. ಸಕ್ಕರೆ 60ರ ಆಸುಪಾಸಿಗೆ ಬಿದ್ದಿತ್ತು. ಅವರು ನುಂಗುತ್ತಿದ್ದದ್ದು ಗ್ಲಿಮೆಪಿರೈಡ್. ಊಟ ಎಷ್ಟೇ ಇರಲಿ, ಇನ್ಸುಲಿನ್ ಸುರಿಸಿಯೇ ತೀರುವ ಮಾತ್ರೆ. ಊಟ ಕಡಿಮೆಯಾಗಿತ್ತು, ಮಾತ್ರೆ ಹಳೆಯದೇ ಇತ್ತು. ಸಕ್ಕರೆ ನೀರು ಕುಡಿದು ಚೇತರಿಸಿಕೊಂಡ ಮೇಲೆ ವೈದ್ಯರು ಮಾತ್ರೆಯ ಪ್ರಮಾಣ ಅರ್ಧಕ್ಕಿಳಿಸಿದರು. ಇಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮುದ್ದೆ ಚಿಕ್ಕದು ಮಾಡುವ ಮೊದಲು ವೈದ್ಯರಿಗೊಂದು ಮಾತು ತಿಳಿಸುವುದು ಅಗತ್ಯ. ಯೂಟ್ಯೂಬಿನ ಪಥ್ಯದ ಪಂಡಿತರು ಇದನ್ನು ಹೇಳಿದ್ದು ನಾನು ಕೇಳಿಲ್ಲ.

ಅಕ್ಕನ ಮನೆಗೆ ಪಾತ್ರೆ ತೊಳೆಯಲು ಬರುವಾಕೆಗೂ ಸಕ್ಕರೆ ಕಾಯಿಲೆಯಿದೆ. ಅವರ ಮನೆಯಲ್ಲಿ ರೇಷನ್ ಅಕ್ಕಿಯೇ ಎರಡು ಹೊತ್ತಿಗೂ ಆಧಾರ. ಬೇಳೆ ಕಾಳು ಸಂತೆಯ ಬೆಲೆ ನೋಡಿಕೊಂಡು ಬರಬೇಕು. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟದಿಂದಲೇ ಬರುತ್ತದೆಂದು ಐಸಿಎಂಆರ್ ನೆರವಿನ ಸಮೀಕ್ಷೆ 2025ರಲ್ಲಿ ಹೇಳಿದ್ದು ಇಂಥ ತಟ್ಟೆಗಳನ್ನೂ ಸೇರಿಸಿಯೇ. ಅಕ್ಕ ಅವಳಿಗೆ ಉಪದೇಶ ಮಾಡಲು ಹೋಗಲಿಲ್ಲ. ಹೊಲದ ಬದುವಿನಲ್ಲಿ ಸಿಗುವ ಅಣ್ಣೆಸೊಪ್ಪು, ಅಗ್ಗಕ್ಕೆ ಸಿಗುವ ಹುರುಳಿ ಸೇರಿಸಿ ಇಬ್ಬರೂ ಉಪ್ಸಾರು ಮಾಡುತ್ತಾರೆ. ಅನ್ನ ಒಂದು ಹಿಡಿ ತಗ್ಗಿದೆ. ಗ್ಲೂಕೋಮೀಟರಿನ ಪಟ್ಟಿಗಳು ದುಬಾರಿಯಾದ್ದರಿಂದ ವಾರಕ್ಕೊಮ್ಮೆ ಭಾವನ ಡಬ್ಬಿಯಿಂದ ಒಂದು ಪಟ್ಟಿ ಅವಳ ಪಾಲಿಗೆ; ಬರುವ ಅಂಕಿಯನ್ನು ಭಾವನೇ ಕ್ಯಾಲೆಂಡರಿನಲ್ಲಿ ಅವಳ ಹೆಸರಿನ ಮುಂದೆ ಬರೆದಿಡುತ್ತಾರೆ.