ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ಎಲ್ಲಿಂದ ಹುಡುಕಬೇಕು?

ಆಟಿ ತಿಂಗಳು ಬಂತೆಂದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗ್ಯಾರೇಜುಗಳಲ್ಲಿ ಪದೇ ಪದೇ ಕೇಳುವ ಮಾತು: "ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗುದಿಲ್ಲ." ಮಳೆಯ ತೇವ, ಇಲಿ ಕಾಟ, ವಾರಗಟ್ಟಲೆ ಶೆಡ್ಡಿನಲ್ಲೇ ನಿಂತ ಗಾಡಿ, ಮೂರೂ ಸೇರುವ ಕಾಲ ಇದು. ತೋಟದ ಮನೆಯವರಿಗೆ ಗಾಡಿ ಅಡಿಕೆ ಮೂಟೆ ಸಾಗಿಸಲಿಕ್ಕೆ ಮಾತ್ರ ಅಲ್ಲ. ಕೊನೆಯ ಬಸ್ಸು ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಅದೇ ಆಂಬುಲೆನ್ಸ್. ಹಾಗಾಗಿ ಈ ವಾರ ಗಿಡ, ಗೊಬ್ಬರ ಬದಿಗಿಟ್ಟು ಎಂಜಿನ್ ವಿಷಯ ಮಾತಾಡೋಣ.

ನಾನು ತೋಟಗಾರಿಕೆ ಓದಿದವ, ಮೆಕ್ಯಾನಿಕ್ ಅಲ್ಲ. ಆದರೆ ರೋಗ ಪತ್ತೆ ಮಾಡುವ ಕ್ರಮ ಎರಡೂ ಕಡೆ ಒಂದೇ. ಅಡಿಕೆಯ ಸೋಗೆ ಹಳದಿಯಾದ ಕೂಡಲೇ ಗೊಬ್ಬರ ಸುರಿಯುವುದಿಲ್ಲವಲ್ಲ? ಬುಡದಲ್ಲಿ ನೀರು ನಿಂತಿದೆಯಾ, ಬೇರುಹುಳ ಉಂಟಾ, ಪೋಷಕಾಂಶದ ಕೊರತೆಯಾ, ಹಳದಿ ಎಲೆ ರೋಗವಾ ಎಂದು ಒಂದೊಂದನ್ನೇ ತಳ್ಳಿಹಾಕುತ್ತಾ ಬರುತ್ತೇವೆ. ಸುಲಭದ್ದು, ಖರ್ಚಿಲ್ಲದ್ದು ಮೊದಲು. ಬಿಚ್ಚುವ ಕೆಲಸ ಕೊನೆಗೆ.

ಮೊದಲು ಕಿವಿಗೊಡಿ

ಕೀ ತಿರುಗಿಸಿದಾಗ ಬರುವ ಶಬ್ದವೇ ಅರ್ಧ ಉತ್ತರ.

• ಬರೀ "ಟಕ್ ಟಕ್" ಅಂದರೆ, ಅಥವಾ ಎಂಜಿನ್ ಎಳೆದೆಳೆದು ತಿರುಗಿದರೆ ಬ್ಯಾಟರಿ ಇಳಿದಿರಬಹುದು, ಟರ್ಮಿನಲ್‌ಗೆ ಕಿಲುಬು ಹಿಡಿದಿರಬಹುದು, ಇಲ್ಲವೇ ಸೆಲ್ಫ್ ಮೋಟರ್ ಹಾಳಾಗಿರಬಹುದು. ಅದು ಬೇರೆಯೇ ಸಮಸ್ಯೆ.
• ಯಾವಾಗಿನ ವೇಗದಲ್ಲೇ "ರುರ್ ರುರ್ ರುರ್" ಎಂದು ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿ, ಸೆಲ್ಫ್ ಎರಡೂ ಸರಿ ಇವೆ ಎಂದೇ ಲೆಕ್ಕ. ಹೊಸ ಬ್ಯಾಟರಿಗೆ ದುಡ್ಡು ಹಾಕಬೇಡಿ. ಈ ಲೇಖನ ಇದೇ ಸಮಸ್ಯೆಯ ಬಗ್ಗೆ.
• ಎಂದಿಗಿಂತ ಜೋರಾಗಿ, ಹಗುರವಾಗಿ, ತಡೆಯೇ ಇಲ್ಲದಂತೆ "ವ್ಹೂಂ" ಎಂದು ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಂಶಯ. ಕೀ ತೆಗೆದುಬಿಡಿ. ಮತ್ತೆ ಮತ್ತೆ ತಿರುಗಿಸಿದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಖರ್ಚು ಹಲವು ಪಟ್ಟಾಗುತ್ತದೆ.

ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಒಂದು ನಿಮಿಷ ಬಿಡಿ. ಇಲ್ಲವಾದರೆ ಇದ್ದ ಸಮಸ್ಯೆಯ ಮೇಲೆ ಬ್ಯಾಟರಿಯೂ ಇಳಿದು ಎರಡು ಸಮಸ್ಯೆ ಆಗುತ್ತದೆ.

ನೆರೆ ನೀರಿನಲ್ಲಿ ನಿಂತ ಗಾಡಿಯಾದರೆ ಕೀ ಮುಟ್ಟಬೇಡಿ

ಇದನ್ನು ಪ್ರತ್ಯೇಕ ಹೇಳಲೇಬೇಕು. 1974ರ ನೇತ್ರಾವತಿ ನೆರೆಯನ್ನು ಬಂಟ್ವಾಳದ ಹಿರಿಯರು ಈಗಲೂ ನೆನಪಿಸಿಕೊಳ್ಳುತ್ತಾರೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆ ಆದದ್ದನ್ನು ನಾವೇ ನೋಡಿದ್ದೇವೆ. ಅಷ್ಟು ದೊಡ್ಡ ನೆರೆಯೇ ಬೇಕೆಂದಿಲ್ಲ, ತೋಡು ಉಕ್ಕಿ ರಸ್ತೆಗೆ ಬಂದರೂ ಸಾಕು. ನೀರಿನಲ್ಲಿ ಹೋಗುತ್ತಿರುವಾಗ ಎಂಜಿನ್ ನಿಂತಿತು ಅಂದರೆ ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಎಳೆದಿರಬಹುದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಿಕ್ಕೆ ಆಗುವುದಿಲ್ಲ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ, ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ. ಒಳಗೆ ಒದ್ದೆ ಇದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಿ. ಮೆಕ್ಯಾನಿಕ್ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು ನೀರು ಹೊರಹಾಕಿದ ಮೇಲೆಯೇ ಎಂಜಿನ್ ತಿರುಗಿಸಬೇಕು.

ಹೆಜ್ಜೆ 1: ಡ್ಯಾಶ್‌ಬೋರ್ಡ್ ನೋಡಿ

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆಗ ಉರಿಯಬೇಕು. ಉರಿಯದಿದ್ದರೆ ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಎಂಗೆ, ಕರೆಂಟೇ ಹೋಗುತ್ತಿಲ್ಲದಿರಬಹುದು. ಫ್ಯೂಸ್ ಬಾಕ್ಸ್ ತೆರೆದು ನೋಡಿ. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದ್ದನ್ನೇ ಹಾಕಿ. ತಂತಿ ಸುತ್ತುವ ಬುದ್ಧಿವಂತಿಕೆ ಬೇಡ, ಬೆಂಕಿ ಹಿಡಿಯುತ್ತದೆ.

ಬೀಗದ ಅಥವಾ ಕೀಯ ಚಿತ್ರದ ದೀಪ ಬೇಗ ಬೇಗ ಮಿನುಗುತ್ತಿದ್ದರೆ ಗಾಡಿ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಕೆಲವು ಗಾಡಿಗಳಲ್ಲಿ ಆಗ ಸೆಲ್ಫ್ ತಿರುಗುತ್ತದೆ, ಇಂಧನ ಮಾತ್ರ ಬಂದ್. ಎರಡನೆಯ ಕೀ ಹಾಕಿ ನೋಡಿ. ಗೊಂಚಲಿನಲ್ಲಿ ಬೇರೆ ಗಾಡಿಯ ಕೀ ಇದ್ದರೆ ಅದನ್ನು ತೆಗೆದು ಪ್ರಯತ್ನಿಸಿ.

ಈಗ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಹಲವು ಗಾಡಿಗಳಲ್ಲಿ ಅದು ಸ್ವಲ್ಪ ಅಲುಗುತ್ತದೆ. ಮೊದಲು ಅಲುಗುತ್ತಿದ್ದದ್ದು ಈಗ ಸೊನ್ನೆಯಲ್ಲೇ ಕೂತರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಸಂಶಯ ಬರಬೇಕು. ಎಂಜಿನ್ ತಿರುಗುತ್ತಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗದಿದ್ದರೆ ಅದು ಸ್ಪಾರ್ಕನ್ನೂ ಕೊಡುವುದಿಲ್ಲ, ಇಂಧನವನ್ನೂ ಬಿಡುವುದಿಲ್ಲ.

ಹೆಜ್ಜೆ 2: ಪೆಟ್ರೋಲ್ ಮುಟ್ಟುತ್ತಿದೆಯಾ?

ನಮ್ಮ ಅಂಗಳಗಳು ಹೆಚ್ಚಿನವು ಇಳಿಜಾರು. ಓರೆಯಾಗಿ ನಿಂತ ಗಾಡಿಯ ಪೆಟ್ರೋಲ್ ಮುಳ್ಳನ್ನು ಪೂರ್ತಿ ನಂಬಬೇಡಿ. ಟ್ಯಾಂಕಿಯಲ್ಲಿ ಕಡಿಮೆ ಇದ್ದರೆ ಪಂಪಿನ ಕಡೆಗೆ ಪೆಟ್ರೋಲೇ ಬಾರದೆ ಹೋಗಬಹುದು. ಎರಡು ಲೀಟರ್ ಹಾಕಿ ನೋಡುವುದು ಅತಿ ಅಗ್ಗದ ಪರೀಕ್ಷೆ.

ಆಮೇಲೆ ಒಬ್ಬರು ಕೀ ಆನ್ ಮಾಡಲಿ, ಇನ್ನೊಬ್ಬರು ಹಿಂದಿನ ಸೀಟಿನ ಹತ್ತಿರ ಕಿವಿ ಇಡಲಿ. ಇಂಜೆಕ್ಷನ್ ಗಾಡಿಗಳಲ್ಲಿ ಒಂದೆರಡು ಸೆಕೆಂಡ್ "ಗುಂಯ್" ಎಂದು ಪಂಪ್ ಓಡಿ ನಿಲ್ಲಬೇಕು. ಶಬ್ದ ಇಲ್ಲವಾದರೆ ಪಂಪಿನ ಫ್ಯೂಸ್, ರಿಲೇ ನೋಡಿ. ಹಾರ್ನಿನ ರಿಲೇ ಅದೇ ನಂಬರಿನದ್ದಾಗಿದ್ದರೆ ಅದಲು ಬದಲು ಮಾಡಿ ನೋಡಬಹುದು. ಗಾಡಿ ಸ್ಟಾರ್ಟ್ ಆಯಿತಾ, ಹೊಸ ರಿಲೇ ತಂದರೆ ಮುಗಿಯಿತು.

ಇನ್ನೊಂದು ವಿಷಯ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿಯ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ಅಲ್ಲಿಂದಲೇ. ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ಖಾಲಿ ಟ್ಯಾಂಕಿಯಲ್ಲಿ ನಿಲ್ಲಿಸಬೇಡಿ. ಮುಚ್ಚಳದ ರಬ್ಬರ್ ಸರಿ ಇರಲಿ.

ಹೆಜ್ಜೆ 3: ಸ್ಪಾರ್ಕ್ ಉಂಟಾ?

ಬಾನೆಟ್ ತೆರೆದು ಮೊದಲು ಇಲಿಯ ಗುರುತು ಹುಡುಕಿ: ಹಿಕ್ಕೆ, ಅಡಿಕೆ ಸಿಪ್ಪೆ, ತೆಂಗಿನ ನಾರು, ಕಡಿದ ವಯರು. ಅಡಿಕೆ, ತೆಂಗಿನಕಾಯಿ ರಾಶಿಯ ಪಕ್ಕದಲ್ಲೇ ಗಾಡಿ ನಿಲ್ಲಿಸುವ ನಮ್ಮಲ್ಲಿ ಇದು ದೊಡ್ಡ ಕಾರಣ. ವೇಣೂರು ಕಡೆಯ ಸ್ನೇಹಿತರೊಬ್ಬರ ಕಾರಿನಲ್ಲಿ ಕಡಿದುಹೋದದ್ದು ಒಂದೇ ಒಂದು ಇಂಜೆಕ್ಟರ್ ವಯರಿನ ಗೊಂಚಲು. ಕಂಡದ್ದು ಟಾರ್ಚ್ ಹಿಡಿದ ಮೇಲೆ.

ಡಿಸ್ಟ್ರಿಬ್ಯೂಟರ್ ಇರುವ ಹಳೆ ಓಮ್ನಿ, ಮಾರುತಿ 800 ಇದ್ದವರು ಅದರ ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒಳಗೂ ಹೊರಗೂ ಒರಸಿ. ಪ್ಲಗ್ ವಯರುಗಳನ್ನೂ ಒರಸಿ. ಥಂಡಿಗೆ ಕರೆಂಟು ಅಲ್ಲೇ ಸೋರಿಹೋಗುತ್ತದೆ. ಮಳೆಗಾಲದ ಬೆಳಗ್ಗಿನ ಸಮಸ್ಯೆ ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ.

ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಒಂದು ಪ್ಲಗ್ ಬಿಚ್ಚಿ ನೋಡಿ.

• ಪ್ಲಗ್ ಒಣಗಿದೆ: ಪೆಟ್ರೋಲ್ ಬರುತ್ತಿಲ್ಲ. ಹೆಜ್ಜೆ 2ಕ್ಕೆ ಹಿಂದೆ ಹೋಗಿ.
• ಪ್ಲಗ್ ಒದ್ದೆ, ಪೆಟ್ರೋಲ್ ವಾಸನೆ: ಪೆಟ್ರೋಲ್ ಬರುತ್ತಿದೆ. ಸ್ಪಾರ್ಕ್ ಇಲ್ಲ, ಅಥವಾ ಎಂಜಿನ್ ಓವರ್‌ಫ್ಲೋ ಆಗಿದೆ.

ಓವರ್‌ಫ್ಲೋ ಆಗಿದ್ದರೆ ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಆಗ ಪೆಟ್ರೋಲ್ ನಿಂತು ಗಾಳಿ ಮಾತ್ರ ಹೋಗುತ್ತದೆ. ಹಿಡಿದ ಕೂಡಲೇ ಕಾಲು ಸಡಿಲಿಸಿ. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಕಿಡಿ ನೋಡುವ ಹಳೆ ಪದ್ಧತಿ ಹೊಸ ಗಾಡಿಗಳಿಗೆ ಬೇಡ. ಕಾಯಿಲ್ ಹಾಳಾಗಬಹುದು, ಪೆಟ್ರೋಲ್ ಆವಿಗೆ ಬೆಂಕಿ ತಾಗಬಹುದು.

ಹೆಜ್ಜೆ 4: ಗಾಳಿ

ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿದೆಯಾ, ಸೈಲೆನ್ಸರ್ ಬಾಯಿಗೆ ಮಣ್ಣು ಹೊಕ್ಕಿದೆಯಾ ನೋಡಿ. ಒಳಗೆ ಬಂದ ಗಾಳಿ ಹೊರಗೆ ಹೋಗದಿದ್ದರೂ ಎಂಜಿನ್ ಹಿಡಿಯುವುದಿಲ್ಲ.

ಡೀಸೆಲ್ ಪಿಕಪ್, ಜೀಪು ಇದ್ದವರಿಗೆ

ಡೀಸೆಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಉರಿಯುತ್ತದೆ. ಸುರುಳಿ ಚಿತ್ರದ ಹೀಟರ್ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಿರಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಮುಟ್ಟುತ್ತಿಲ್ಲ. ಟ್ಯಾಂಕಿ ಒಮ್ಮೆ ಖಾಲಿಯಾಗಿದ್ದರೆ, ಫಿಲ್ಟರ್ ಹೊಸತಾಗಿ ಹಾಕಿದ್ದರೆ ಏರ್ ಹಿಡಿದಿರುತ್ತದೆ. ಫಿಲ್ಟರ್ ಹತ್ತಿರದ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ. ಫಿಲ್ಟರ್ ತಳದಲ್ಲಿ ಸೇರಿದ ನೀರನ್ನು ಬಿಡಿ.

ಒಂದು ಎಚ್ಚರಿಕೆ: ಕಾಮನ್ ರೈಲ್ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳನ್ನು ಸಡಿಲಿಸಲೇಬೇಡಿ. ಎಂಜಿನ್ ಓಡುವಾಗ ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಡೀಸೆಲ್ ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ.

ನಿಮ್ಮ ಮೊಬೈಲೇ ಉಪಕರಣ

ಬ್ಲೂಟೂತ್ ಓಬಿಡಿ ರೀಡರ್ ಆನ್‌ಲೈನಿನಲ್ಲಿ ಸಿಗುತ್ತದೆ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಕೋಡ್ ಕಾಣುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಕಾರುಗಳಲ್ಲಿ ಆ ಪೋರ್ಟ್ ಇದ್ದೇ ಇರುತ್ತದೆ. ನೆನಪಿಡಬೇಕಾದ ಕೋಡುಗಳು:

• ಪಿ 0335: ಕ್ರ್ಯಾಂಕ್ ಸೆನ್ಸರ್
• ಪಿ 0340: ಕ್ಯಾಮ್ ಸೆನ್ಸರ್
• ಪಿ 0230: ಇಂಧನ ಪಂಪಿನ ವಿದ್ಯುತ್ ದಾರಿ
• ಪಿ 0087: ಇಂಧನದ ಒತ್ತಡ ಕಡಿಮೆ

ಕೋಡ್ ಅಂದರೆ ಎಲೆಯ ಮೇಲಿನ ಚುಕ್ಕೆ ಇದ್ದ ಹಾಗೆ. ಅದು ಲಕ್ಷಣ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕ್ರ್ಯಾಂಕ್ ಸೆನ್ಸರ್ ಕೋಡ್ ಬಂದರೂ ಕೆಟ್ಟದ್ದು ಸೆನ್ಸರ್ ಅಲ್ಲದೆ ಇಲಿ ಕಡಿದ ವಯರೇ ಆಗಿರಬಹುದು.

ರೀಡರ್ ಇಲ್ಲದಿದ್ದರೂ ಪರವಾಗಿಲ್ಲ. ಸೆಲ್ಫ್ ಹೊಡೆಯುವಾಗ ಡ್ಯಾಶ್‌ಬೋರ್ಡ್ ಕಾಣುವಂತೆ, ಶಬ್ದ ಕೇಳುವಂತೆ ವಿಡಿಯೋ ಮಾಡಿ ಮೆಕ್ಯಾನಿಕ್‌ಗೆ ವಾಟ್ಸಾಪ್ ಮಾಡಿ. "ಸ್ಟಾರ್ಟ್ ಆಗುದಿಲ್ಲ" ಎಂದಷ್ಟೇ ಹೇಳಿದರೆ ಅವರು ಬರಿಗೈಯಲ್ಲಿ ಬಂದು ಸಾಮಾನಿಗೆ ಪುನಃ ಪೇಟೆಗೆ ಹೋಗಬೇಕು. "ಪಂಪ್ ಶಬ್ದ ಇಲ್ಲ, ಫ್ಯೂಸ್ ಸರಿ ಉಂಟು, ಪ್ಲಗ್ ಒಣಗಿದೆ" ಎಂದು ಹೇಳಿ ನೋಡಿ, ಬರುವಾಗಲೇ ಪಂಪ್ ಹಿಡಿದು ಬರುತ್ತಾರೆ.

ದೂಡಬೇಡಿ

ನಾಲ್ಕು ಜನ ಸೇರಿ ದೂಡುವುದು ಬ್ಯಾಟರಿ ಇಳಿದಾಗ ಸರಿ. ಸೆಲ್ಫ್ ಚೆನ್ನಾಗಿ ತಿರುಗುತ್ತಿರುವ ಗಾಡಿಯನ್ನು ದೂಡಿದರೆ ಎಂಜಿನ್ ಮತ್ತೆ ಹಾಗೇ ತಿರುಗುತ್ತದೆ, ಅಷ್ಟೆ. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುವ ಸಂಭವವೂ ಉಂಟು.

ಕೊಳೆರೋಗಕ್ಕೆ ಮದ್ದು ಬಿಡುವ ಪಂಪಿನ ಎಂಜಿನ್ನಿಗೆ, ಹುಲ್ಲು ಕತ್ತರಿಸುವ ಮೆಷಿನಿಗೆ ಕೂಡ ಇದೇ ಲೆಕ್ಕ: ಪೆಟ್ರೋಲ್, ಸ್ಪಾರ್ಕ್, ಗಾಳಿ. ಹಗ್ಗ ಎಳೆದು ಎಳೆದು ಸುಸ್ತಾಗುವ ಮೊದಲು ಪ್ಲಗ್ ಬಿಚ್ಚಿ, ಒದ್ದೆಯಾ ಒಣಗಿದೆಯಾ ನೋಡಿ. ಬೋರ್ಡೋ ದ್ರಾವಣ ತಯಾರಾಗಿ, ಕೆಲಸದವರು ಬಂದು, ಮಳೆ ಬಿಟ್ಟ ಆ ಎರಡು ಗಂಟೆಯಲ್ಲಿ ಎಂಜಿನ್ ಹಿಡಿಯದಿದ್ದರೆ ನಷ್ಟ ಆಗುವುದು ಫಸಲಿಗೆ. ಮದ್ದು ಬಿಡುವ ಹಿಂದಿನ ದಿನವೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಿಕೊಳ್ಳಿ. ಗಾಡಿಯಲ್ಲಿ ಒಂದು ಟಾರ್ಚ್, ನಾಲ್ಕು ಫ್ಯೂಸ್, ಪ್ಲಗ್ ಸ್ಪ್ಯಾನರ್, ಒಣ ಬಟ್ಟೆ ಯಾವಾಗಲೂ ಇರಲಿ.